ಕಣ್ಣೀರಿಗೆ ಸಾಕ್ಷಿ ಕೇಳಿದವರು

ಕಣ್ಣು ಒಣಗುವ ಕಾಯಿಲೆ ಇರುವವರಿಗೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಯಾರೂ ನಂಬುವುದಿಲ್ಲ. ಕೈ ಮುರಿದರೆ ಪಟ್ಟಿ ಕಾಣುತ್ತದೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ. ಪೊರೆ ತೆಗೆಸಿಕೊಂಡವರು ಹಸಿರು ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತರೆ ನಾಲ್ಕು ಜನ ಎಳನೀರು ಹಿಡಿದುಕೊಂಡು ಬರುತ್ತಾರೆ. ಕಣ್ಣು ಒಣಗಿದೆ ಎಂದರೆ ಮಾತ್ರ ನಗುತ್ತಾರೆ. ನಕ್ಕವರು ಯಾರು ಯಾರು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದರೂ ಒಂದು ಹೆಸರನ್ನೂ ಮರೆತಿಲ್ಲ. ಎಲ್ಲರನ್ನೂ ಕ್ಷಮಿಸಿದೆ ಎಂದು ಬರೆಯುವವರು ಬರೆಯಲಿ, ನನ್ನದು ಅಷ್ಟು ದೊಡ್ಡ ಮನಸ್ಸಲ್ಲ.

ನಾನು ಜಗಳೂರು ಕಡೆಯವಳು. ಮದುವೆಯಾಗಿ ನ್ಯಾಮತಿಗೆ ಬಂದೆ. ನಮ್ಮ ಮನೆಯವರು ಬಸವರಾಜಪ್ಪ, ಊರಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದರು. ನಾನು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅವರ ತಾಯಿ ಗೌರಮ್ಮ ಇದ್ದರು. ನಾನು ಅವರನ್ನು ಅತ್ತೆಮ್ಮ ಎನ್ನುತ್ತಿದ್ದೆ. ಮನೆಯವರಿಗೆ ಒಬ್ಬಳೇ ಅಕ್ಕ, ಶಾಂತಕ್ಕ. ಆಕೆಯನ್ನು ಕೆರೆಬಿಳಚಿಗೆ ಕೊಟ್ಟಿತ್ತು. ಈ ಕಥೆಗೆ ಇಷ್ಟೇ ಜನ ಸಾಕು.

ಕಾಯಿಲೆ ಶುರುವಾದಾಗ ಕಣ್ಣಿಗೆ ಮರಳು ಬಿದ್ದಿದೆ ಎಂದುಕೊಂಡೆ. ಆಮೇಲೆ ಸೀಮೆಸುಣ್ಣದ ಪುಡಿ ಎಂದುಕೊಂಡೆ. ಬೋರ್ಡು ಒರೆಸುವಾಗ ಮುಖ ಆಚೆ ತಿರುಗಿಸುತ್ತಿದ್ದೆ, ಬಿಡುವು ಸಿಕ್ಕಾಗಲೆಲ್ಲ ಹೋಗಿ ಕಣ್ಣು ತೊಳೆಯುತ್ತಿದ್ದೆ. ತೊಳೆದಷ್ಟೂ ಉರಿ. ಮಧ್ಯಾಹ್ನ ಮೂರರ ಹೊತ್ತಿಗೆ ಮಕ್ಕಳ ಸ್ಲೇಟಿನ ಅಕ್ಷರಗಳು ಕದಡಿ ಹೋಗುತ್ತಿದ್ದವು, ನಾಲ್ಕು ಸಲ ರೆಪ್ಪೆ ಬಡಿದರೆ ಒಂದು ಗಳಿಗೆ ನೆಟ್ಟಗೆ ಕಂಡು ಮತ್ತೆ ಕದಡುತ್ತಿದ್ದವು. ಬೆಳಿಗ್ಗೆ ರೆಪ್ಪೆ ಬಿಡಿಸುವುದಂತೂ ಗೋಂದು ಹಚ್ಚಿದ ಲಕೋಟೆ ಬಿಡಿಸಿದಂತೆ. ಅವಸರ ಮಾಡಿದರೆ ಕಣ್ಣಿನ ಸಿಪ್ಪೆಯೇ ಕಿತ್ತು ಬಂತೇನೋ ಎನ್ನುವಷ್ಟು ನೋವು. ಜೊತೆಗೆ ಬಾಯಿಯೂ ಒಣಗುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯಬೇಕಾದರೆ ತುತ್ತಿಗೊಂದು ಗುಟುಕು ನೀರು ಬೇಕು. ಬೆರಳ ಗೆಣ್ಣುಗಳು ಬಿಗಿದುಕೊಂಡು ಸೀಮೆಸುಣ್ಣ ಹಿಡಿಯುವುದೇ ಕಷ್ಟವಾಗುತ್ತಿತ್ತು. ಈ ಮೂರೂ ಒಂದೇ ಕಾಯಿಲೆ ಎಂದು ನನಗಂತೂ ಹೊಳೆಯಲಿಲ್ಲ.

ಬೇರೆಯವರಿಗೆ ಮಾತ್ರ ಎಲ್ಲ ಗೊತ್ತಿತ್ತು. ಉಷ್ಣ! ನಮ್ಮ ಕಡೆ ಹೆಂಗಸರಿಗೆ ಏನೇ ಆದರೂ ಅದು ಉಷ್ಣವೇ. ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡೆ. ಮೆಂತ್ಯ ನೆನೆಸಿ ಕುಡಿದೆ. ನಂದಿಬಟ್ಟಲ ಹೂವಿನ ರಸ ಬಿಟ್ಟುಕೊಂಡೆ. ಪಕ್ಕದ ಮನೆಯ ಬಾಣಂತಿಯ ಮುಂದೆ ಮುಖ ಮೇಲೆ ಮಾಡಿ ಕೂತು ಎದೆಹಾಲನ್ನೂ ಹಾಕಿಸಿಕೊಂಡೆ. ಹಬ್ಬಕ್ಕೆ ಬಂದಿದ್ದ ಶಾಂತಕ್ಕ ನನ್ನ ನೀರಿನ ಚೊಂಬನ್ನು ನೋಡಿ, "ಟೀಚರಮ್ಮೋರು ನೀರು ಕುಡಿದೇ ಹೊಟ್ಟೆ ತುಂಬಿಸ್ಕೊಂತಾರೆ. ಅಡಿಗೆ ಮಾಡಾಕೆ ಬ್ಯಾಸರ ಇರಬೇಕು" ಎಂದು ಎಲ್ಲರನ್ನೂ ನಗಿಸಿದಳು.

ಹೊನ್ನಾಳಿಯಲ್ಲಿ ಒಬ್ಬರು ಖಾಸಗಿಯಾಗಿ ಔಷಧಿ ಕೊಡುತ್ತಿದ್ದರು. ಅವರ ಹತ್ತಿರ ಮೂರು ಸಲ ಹೋದೆ. ಒಂದೇ ಬೆಂಚು, ಒಂದು ಕೊಳಕು ಹಸಿರು ಪರದೆ. ಕಣ್ಣಿನವರು, ಕೆಮ್ಮಿನವರು, ಬೆರಳಿಗೆ ಕುಡುಗೋಲು ತಾಗಿಸಿಕೊಂಡವರು ಎಲ್ಲ ಒಂದೇ ಬೆಂಚಿನಲ್ಲಿ. ನನ್ನ ಕೆಂಪು ಕಣ್ಣು ನೋಡಿದ್ದೇ ತಡ, ಬೆಂಚಿನ ಜನ ಸರಿದು ಸರಿದು ನನಗೆ ಅರ್ಧ ಬೆಂಚು ಬಿಟ್ಟುಕೊಡುತ್ತಿದ್ದರು. ಗೋವಿನಕೋವಿಯ ಒಬ್ಬ ಮುದುಕಪ್ಪ ಮಾತ್ರ ಪಕ್ಕದಲ್ಲೇ ಕೂತಿದ್ದ. "ನಂಗೆ ಮೊದ್ಲೇ ಒಂದು ಕಣ್ಣು ಕಾಣಲ್ಲ ಕಣವ್ವ, ಇನ್ನೊಂದಕ್ಕೆ ಬಂದ್ರೆ ಬರ್ಲಿ, ಕೂತ್ಕ" ಎಂದ. ಅವನ ಹೆಸರು ಕೇಳಲಿಲ್ಲವಲ್ಲ ಎಂದು ಈಗಲೂ ಬೇಜಾರಾಗುತ್ತದೆ. ಪರದೆಯ ಹಿಂದೆ ಕೂತು ಔಷಧಿ ಕೊಡುವವರು ಮೊದಲ ಸಲ ಕಣ್ಣುಬೇನೆ ಎಂದರು, ಅಂಟುತ್ತದೆ, ಟವೆಲು ಬೇರೆ ಇಡಿ ಎಂದರು. ಎರಡನೆಯ ಸಲ ಕನ್ನಡಕ ಎಂದರು. ಮೂರನೆಯ ಸಲ ನನ್ನ ಕಣ್ಣು ನೋಡುವುದನ್ನೇ ಬಿಟ್ಟು ಜೊತೆಗೆ ಬಂದಿದ್ದ ನಮ್ಮ ಮನೆಯವರ ಕಡೆ ತಿರುಗಿ, "ಕೆಲಸಕ್ಕೆ ಹೋಗೋ ಹೆಂಗಸ್ರಿಗೆ ಚಿಂತೆ ಜಾಸ್ತಿ ಸ್ವಾಮಿ. ನಿದ್ದೆ ಚೆನ್ನಾಗಿ ಮಾಡಾಕೆ ಹೇಳ್ರಿ" ಎಂದರು. ಇವರು ತಲೆಯಾಡಿಸಿದರು. ಕಣ್ಣು ನನ್ನದು, ತಲೆಯಾಡಿಸಿದ್ದು ಅವರು.

ನಂಬಿದವರು ಒಬ್ಬರೇ, ಅತ್ತೆಮ್ಮ. ಲಕ್ವ ಹೊಡೆದು ಅವರ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮೂರು ವರ್ಷ ಹಾಸಿಗೆಯಲ್ಲೇ ಇದ್ದರು. ಶಾಲೆಗೆ ಹೋಗುವ ಮುಂಚೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗಂಜಿ ಕುಡಿಸಿ ಹೋಗುತ್ತಿದ್ದೆ. ಸಂಜೆ ಬಂದು ನಾನು ಅವರ ಮಂಚದ ಪಕ್ಕ ಚಾಪೆಯ ಮೇಲೆ ಕುಸಿದರೆ, ಎಡಗೈಯಲ್ಲಿ ಒದ್ದೆ ಬಟ್ಟೆ ತೆಗೆದು ನನ್ನ ಕಣ್ಣಿನ ಮೇಲೆ ಒತ್ತುತ್ತಿದ್ದರು. ಹೆಚ್ಚು ಕಡಿಮೆಯಾಗಿ ಮೂಗಿನ ಮೇಲೆ, ಬಾಯಿಯ ಮೇಲೆ ಒತ್ತಿ ಇಬ್ಬರೂ ನಗುತ್ತಿದ್ದೆವು. ಮೊದಲಿನ ದಿನಗಳಲ್ಲಿ ಅವರೂ ನನ್ನನ್ನು ಸಾಕಷ್ಟು ಗೋಳು ಹೊಯ್ದುಕೊಂಡವರೇ. ಆದರೆ ಆ ಮೂರು ವರ್ಷದಲ್ಲಿ ನನಗೆ ಅವರಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ.

ಅವರು ಒಂದು ಬೆಳಿಗ್ಗೆ ಗಂಜಿ ಕುಡಿಯಲಿಲ್ಲ. ಚಮಚ ತುಟಿಗೆ ಹಿಡಿದೇ ಇದ್ದೆ, ಪಕ್ಕಕ್ಕೆ ಸೋರಿತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮನೆಯ ಹೆಂಗಸರು ಎದುರಿಗೆ ಕೂರಬೇಕು. ದೂರದಿಂದ ಬಂದ ಹೆಂಗಸರು ಬೀದಿಯ ತಿರುವಿನಿಂದಲೇ ಹಾಡಿಕೊಂಡು ಅಳುತ್ತಾ ಬಂದು, ಮನೆಯ ಒಬ್ಬೊಬ್ಬರ ಕೊರಳನ್ನೂ ತಬ್ಬಿ ಅಳುತ್ತಾರೆ. ತಬ್ಬಿಸಿಕೊಂಡವಳೂ ಅಳಬೇಕು. ಹೆಗಲ ಮೇಲೆ ಹೆಗಲು, ಕೆನ್ನೆಗೆ ಕೆನ್ನೆ. ಹತ್ತು ಗುಂಪು ಬಂದರೆ ಹತ್ತು ಸಲ. ದುಃಖವನ್ನು ಹಂಚಿಕೊಳ್ಳುವುದಕ್ಕೆ ಮಾಡಿಕೊಂಡ ಪದ್ಧತಿ ಇದು. ನನಗೆ ಅದು ಪರೀಕ್ಷೆಯಾಯಿತು.

ಶಾಂತಕ್ಕ ಮಧ್ಯಾಹ್ನ ಬಂದಳು. ಕೇರಿಯೆಲ್ಲ ಕೇಳುವಂತೆ ಅಳುತ್ತಾ ಬಂದವಳು ನೇರವಾಗಿ ನನ್ನ ಕೊರಳಿಗೆ ಬಿದ್ದಳು. ನನ್ನ ಎದೆ ಒಡೆದು ಹೋಗುತ್ತಿತ್ತು. ಒಣಗಿದ ಬಾಯಿಂದ ದನಿ ಹೊರಡಲಿಲ್ಲ. ಕಣ್ಣು ಮಾತ್ರ ಧಗಧಗ ಉರಿಯುತ್ತಿತ್ತು. ಆಕೆ ಸ್ವಲ್ಪ ಹೊತ್ತು ಅತ್ತು, ಹಿಂದೆ ಸರಿದು, ತನ್ನ ಹೆಗಲನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

"ನೋಡ್ರೇ, ನೋಡ್ರಿ! ಒಂದ್ ಹನಿ ಐತೇನ್ರೇ ಇವಳ ಕಣ್ಣಾಗೆ? ನಮ್ಮವ್ವ ಸತ್ತು ಕೂತವ್ಳೆ, ಇವಳ ಕಣ್ಣು ಬಣಬಣ ಅಂತೈತೆ! ಪೀಡೆ ತೊಲಗ್ತು ಅಂತ ಕೂತವ್ಳೆ ಇವಳು!"

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ನನ್ನ ಕಣ್ಣು ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದ ಗಂಡನ ಕಡೆ ನೋಡಿದೆ. ಅವರು ಟವೆಲಿನಿಂದ ತಮ್ಮ ಕಣ್ಣು ಒರೆಸಿಕೊಂಡು ಕೂರಿಸಿ ಒಯ್ಯುವ ವಿಮಾನಕ್ಕೆ ಬಿದಿರು ಬಂತಾ ನೋಡುತ್ತೇನೆಂದು ಹೊರಗೆ ಹೋದರು.

ಮಣ್ಣು ಮುಗಿಯುವುದರೊಳಗೆ ಮಾತು ಬೆಳೆದಿತ್ತು. ಅಳದಿದ್ದವಳು ನೋಡಿಕೊಂಡಿದ್ದಾಳೆಯೇ? ನೋಡಿಕೊಂಡಿದ್ದರೆ ಮುದುಕಿ ಅಷ್ಟು ಸೊರಗುತ್ತಿತ್ತೇ? ಗಂಜಿ ಕೊಡುತ್ತಿದ್ದಳೋ ಇಲ್ಲವೋ ಯಾರು ಕಂಡರು? ತಿಂಗಳು ಕಳೆಯುವಷ್ಟರಲ್ಲಿ ನಾನು ಅತ್ತೆಯನ್ನು ಉಪವಾಸ ಕೆಡವಿ ಕೊಂದವಳಾಗಿದ್ದೆ. ಶಾಂತಕ್ಕ ನಮ್ಮ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟಳು. ತಮ್ಮನನ್ನು ಅಂಗಡಿಯಲ್ಲೇ ಕಂಡು ಹೋಗುತ್ತಿದ್ದಳು. ನೆಂಟರ ಮದುವೆಗಳಲ್ಲಿ ಸೋಬಾನೆಗೆ ನನ್ನನ್ನು ಕರೆಯುವವರು ಕಡಿಮೆಯಾದರು. ಮನೆಯವರು ಬೈಯಲಿಲ್ಲ, ಹೊಡೆಯಲಿಲ್ಲ. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿರುವುದನ್ನೇ ಊರು ಒಪ್ಪಿಗೆ ಎಂದುಕೊಂಡಿತು. ನಾನೂ ಹಾಗೇ ಅಂದುಕೊಂಡೆ. ಇವರಿಗೂ ನನ್ನ ಮೇಲೆ ಅನುಮಾನವಿದೆ, ಹೇಳಲಾರದೆ ಒಳಗೊಳಗೇ ಕೊರಗುತ್ತಿದ್ದಾರೆ ಎಂದುಕೊಂಡೆ. ಎದುರಿಗೆ ಕೂತು ಕೇಳಲು ನನಗೆ ಧೈರ್ಯವಿರಲಿಲ್ಲ. ಹೌದು ಎಂದುಬಿಟ್ಟರೆ ಆಮೇಲೆ ಆ ಮನೆಯಲ್ಲಿ ಇರುವುದು ಹೇಗೆ?

ವರ್ಷದ ದಿನ ಬಂತು. ಸಮಾಧಿಗೆ ಪೂಜೆ, ಸ್ವಾಮಿಗಳ ಪಾದಪೂಜೆ, ನೆಂಟರಿಗೆಲ್ಲ ಊಟ. ಅವತ್ತು ಮತ್ತೊಂದು ಸಲ ಹೆಂಗಸರು ಕೊರಳು ತಬ್ಬಿ ಅಳುತ್ತಾರೆ. ಹಿಂದಿನ ದಿನ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಹೇಳಿದರು.

"ನಾಳೆ ಅಕ್ಕ ಬರ್ತಾಳೆ. ಜನ ಎಲ್ಲ ನಿನ್ನ ಮುಖಾನೇ ನೋಡ್ತಿರ್ತಾರೆ. ಒಂಚೂರು ಈರುಳ್ಳಿ ರಸ ಹಚ್ಕೊಂಡ್ಬಿಡು. ಒಂದು ದಿನದ ಮಟ್ಟಿಗೆ ಅಷ್ಟೆ. ಎಲ್ಲರ ಬಾಯಿ ಮುಚ್ತೈತೆ."

ಒಪ್ಪಿದೆ. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಒಂದು ವರ್ಷ ಕೊಲೆಗಾರ್ತಿಯಾಗಿ ಬದುಕಿ ಸಾಕಾಗಿತ್ತು. ಮರುದಿನ ಜನರ ಸದ್ದು ಕೇಳುತ್ತಲೇ ಹಿತ್ತಲಿಗೆ ಹೋಗಿ ಜಗಳೂರಿನಿಂದ ತವರಿನವರು ತಂದಿದ್ದ ಈರುಳ್ಳಿಯೊಂದನ್ನು ಸೀಳಿ, ಎರಡೂ ಕಣ್ಣಿನ ರೆಪ್ಪೆ ಎಳೆದು ಉಜ್ಜಿಕೊಂಡೆ. ನೀರು ಬರಲಿಲ್ಲ. ಇನ್ನೂ ಒಂದು ಸಲ ಉಜ್ಜಿದೆ. ಆಗ ಹತ್ತಿಕೊಂಡ ಉರಿಯನ್ನು ಏನೆಂದು ಹೇಳಲಿ? ಗೋಡೆ ಹಿಡಿದುಕೊಂಡು ಕೂಗಿದೆ. ಒಳಗಿದ್ದವರು ನಾನು ಅತ್ತೆಗಾಗಿ ಅಳುತ್ತಿದ್ದೇನೆ ಎಂದುಕೊಂಡು ಸಮಾಧಾನ ಮಾಡಲು ಬಂದರು. ಆ ಒಂದು ಗಳಿಗೆ ನಾನು ಒಳ್ಳೆಯ ಸೊಸೆಯಾಗಿದ್ದೆ. ಶಾಂತಕ್ಕ ಬಂದು ಗಲ್ಲ ಹಿಡಿದು ನೋಡಿ, "ಬರೀ ಬಾಯಿ ಮಾಡ್ತಾಳೆ, ಕಣ್ಣು ಒಣಗೇ ಐತೆ" ಎಂದಳು.

ಮರುದಿನ ಬೆಳಿಗ್ಗೆ ಕಣ್ಣು ತೆರೆಯಲಾಗಲಿಲ್ಲ. ಬೆಳಕು ಬಿದ್ದರೆ ಸೂಜಿ ಚುಚ್ಚಿದಂತೆ. ಮನೆಯವರು ಹೆದರಿ, ಕೈ ಹಿಡಿದು ಬಸ್ಸು ಹತ್ತಿಸಿ ದಾವಣಗೆರೆಗೆ ಕರೆದುಕೊಂಡು ಹೋದರು. ಅಲ್ಲಿನ ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಒರಟು. ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು.

"ಏನು ಹಾಕಿಕೊಂಡ್ರಿ ಕಣ್ಣಿಗೆ?"

"ಈರುಳ್ಳಿ ರಸ."

"ಯಾರು ಹೇಳಿದ್ದು?"

"ಇವರು" ಎಂದೆ. ಕಣ್ಣು ಮುಚ್ಚಿಕೊಂಡೇ ಕೈ ತೋರಿಸಿದೆ. ಕೈ ಸರಿಯಾದ ಕಡೆಗೇ ಹೋಗಿತ್ತು ಎಂದು ಆಮೇಲೆ ಗೊತ್ತಾಯಿತು.

ಡಾಕ್ಟರು ಇವರನ್ನು ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನೋವಿನ ನಡುವೆಯೂ ನನಗೆ ಹಿತವಾಗಿತ್ತು ಎಂದಷ್ಟೇ ಹೇಳುತ್ತೇನೆ. ಈರುಳ್ಳಿಯ ಗಾಯವಲ್ಲದೆ ಹಳೆಯ ಗಾಯಗಳೂ ಇವೆ, ಕಪ್ಪು ಗುಡ್ಡೆಯ ಮೇಲೆಲ್ಲ ಚುಕ್ಕೆ ಚುಕ್ಕೆಯಾಗಿವೆ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ದೃಷ್ಟಿಗೇ ಸಂಚಕಾರವಿತ್ತು ಎಂದರು. ಪಟ್ಟಿ ಕಟ್ಟಿ, ಗಾಯ ಮಾಗಿದ ಮೇಲೆ ಮತ್ತೆ ಬರಲು ಹೇಳಿದರು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ದಿನಗಳಲ್ಲಿ ಊರಿನ ನಾಲ್ಕು ಜನ ಎಳನೀರು ತಂದುಕೊಟ್ಟರು. ಕುಡಿದೆ. ಥ್ಯಾಂಕ್ಸ್ ಹೇಳಲಿಲ್ಲ.

ಎರಡನೆಯ ಸಲ ಹೋದಾಗ ಡಾಕ್ಟರು ಬೇರೆಯೇ ಪ್ರಶ್ನೆಗಳನ್ನು ಕೇಳಿದರು. ಬಾಯಿ ಒಣಗುತ್ತದೆಯೇ? ಹಲ್ಲು ಹುಳುಕಾಗುತ್ತಿದೆಯೇ? ಬೆಳಿಗ್ಗೆ ಬೆರಳು ಮಡಿಸಲು ಆಗುತ್ತದೆಯೇ? ಈರುಳ್ಳಿ ಹೆಚ್ಚಿದಾಗ ಮೊದಲು ನೀರು ಬರುತ್ತಿತ್ತೇ? ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಯಾರದೋ ಮದುವೆಯಲ್ಲಿ ಒಂದು ಬುಟ್ಟಿ ಈರುಳ್ಳಿಯನ್ನು ಕಣ್ಣಲ್ಲಿ ಒಂದು ಹನಿಯೂ ಬಾರದೆ ಒಬ್ಬಳೇ ಹೆಚ್ಚಿ ಹಾಕಿ, ಗಟ್ಟಿಗಿತ್ತಿ ಎಂದು ಹೊಗಳಿಸಿಕೊಂಡಿದ್ದೆ. ಕಾಯಿಲೆ ನನ್ನ ಕಣ್ಣೆದುರಿಗೇ ಕೂತಿತ್ತು, ನಾನು ಅದಕ್ಕೆ ಬೀಗಿದ್ದೆ.

ಅವರು ಶಾಯಿ ಹೀರುವ ಕಾಗದದಂಥ ಒಂದು ಸಣ್ಣ ಪಟ್ಟಿಯ ತುದಿ ಮಡಿಸಿ ನನ್ನ ಕೆಳರೆಪ್ಪೆಗೆ ಸಿಕ್ಕಿಸಿದರು. ಇನ್ನೊಂದು ಕಣ್ಣಿಗೆ ಇನ್ನೊಂದು. ಐದು ನಿಮಿಷ ಹಾಗೇ ಕೂರಬೇಕು. ಗೋಡೆಯ ಗಡಿಯಾರದ ಸದ್ದು ಕೇಳುತ್ತಾ ಕೂತೆ. ಐದು ನಿಮಿಷವಾದ ಮೇಲೆ ಪಟ್ಟಿ ತೆಗೆದರೆ, ಅಂಗಡಿಯಿಂದ ತಂದ ಹಾಗೇ ಇತ್ತು.

ನಮ್ಮ ಮನೆಯವರು ಬಗ್ಗಿ ನೋಡಿ, "ಕಾಗದ ಸರಿ ಇಲ್ಲೇನೋ ಸಾರ್" ಎಂದರು.

ಡಾಕ್ಟರು ಅವರನ್ನು ನನ್ನ ಜಾಗದಲ್ಲಿ ಕೂರಿಸಿ ಅವರ ಕಣ್ಣಿಗೂ ಒಂದು ಪಟ್ಟಿ ಸಿಕ್ಕಿಸಿದರು. ಎರಡು ನಿಮಿಷಕ್ಕೇ ಪಟ್ಟಿ ತುದಿಯವರೆಗೆ ನೆನೆದು, ಕೆನ್ನೆಯ ಮೇಲೆ ನೀರು ಇಳಿಯಿತು. ಅವತ್ತು ಬಹಳ ದಿನಗಳ ಮೇಲೆ ಮನಸಾರೆ ನಕ್ಕೆ.

"ಇವರಿಗೆ ಕಣ್ಣೀರು ಮಾಡುವ ಗ್ರಂಥಿಗಳೇ ಒಣಗಿವೆ" ಎಂದರು ಡಾಕ್ಟರು. "ಬಾಯಲ್ಲಿ ಎಂಜಲು ಮಾಡುವವೂ ಅಷ್ಟೆ. ಇವರ ಮೈಯೇ ಇವರ ಮೇಲೆ ತಿರುಗಿಬಿದ್ದಿದೆ. ಗಾಳಿ, ಧೂಳು, ಸೀಮೆಸುಣ್ಣ ಅದನ್ನು ಜಾಸ್ತಿ ಮಾಡಿದವು ಅಷ್ಟೆ. ಅಳುವುದಕ್ಕೆ ಇವರ ಹತ್ತಿರ ನೀರೇ ಇಲ್ಲ."

"ಯಾಕೆ ಹಿಂಗಾಯ್ತು ಸಾರ್? ನಾನೇನು ಮಾಡಿದೆ?" ಎಂದೆ.

"ಯಾಕೆ ಅಂತ ನನಗೂ ಗೊತ್ತಿಲ್ಲ. ನೀವೇನೂ ಮಾಡಿಲ್ಲ. ಅಷ್ಟು ಮಾತ್ರ ಗೊತ್ತು."

ಅಷ್ಟು ವರ್ಷದಲ್ಲಿ ಗೊತ್ತಿಲ್ಲ ಎಂದ ಮೊದಲ ಮನುಷ್ಯ ಅವರು. ಅವರ ಕಾಲಿಗೆ ಬೀಳಬೇಕೆನ್ನಿಸಿತು. ಇದು ವಾಸಿಯಾಗುವುದಿಲ್ಲ, ಸಂಭಾಳಿಸಿಕೊಂಡು ಹೋಗಬೇಕು ಎಂದರು. ಈಗಲೂ ದಿನಕ್ಕೆ ಏಳೆಂಟು ಸಲ ಬಾಟಲಿಯ ಹನಿ ಹಾಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ. ಬೋರ್ಡಿನ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಉಷ್ಣ ಎಂದವರಿಗೆ ಉತ್ತರ ಕೊಡುವುದಿಲ್ಲ. ಇಷ್ಟರಲ್ಲಿ ಬದುಕು ನಡೆಯುತ್ತದೆ, ಹೆದರಬೇಡಿ.

ಹೊರಡುವ ಮುಂಚೆ ಮನೆಯವರು ಡಾಕ್ಟರ ಮುಂದೆ ಕೈಮುಗಿದು, "ಇದನ್ನೆಲ್ಲ ಕನ್ನಡದಾಗೆ ಬರೆದು ಸೀಲು ಹಾಕಿ ಕೊಡ್ರಿ ಸಾರ್" ಎಂದು ಕೇಳಿ ಬರೆಸಿಕೊಂಡರು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವರ ಮುಖ ಅರಳಿತ್ತು. ಜೇಬಿನಿಂದ ಕಾಗದ ತೆಗೆದು ಮತ್ತೊಂದು ಸಲ ಓದಿದರು.

"ನಾಳೇನೇ ಕೆರೆಬಿಳಚಿಗೆ ಹೋಗ್ತೀನಿ. ಇದನ್ನ ಅಕ್ಕನ ಮುಂದೆ ಇಡ್ತೀನಿ. ಸೀಲು ನೋಡ್ಲಿ ಆಕೆ. ಏನು ಮಾತಾಡ್ತಾಳೋ ನೋಡೇಬಿಡಾನ!"

ಒಂದು ವರ್ಷದಿಂದ ಕೇಳಲು ಹೆದರಿದ್ದನ್ನು ಆಗ ಕೇಳಿದೆ. "ನಾನು ಅತ್ತೆಮ್ಮನ್ನ ಕೊಂದಿಲ್ಲ ಅಂತ ನೀವು ನಂಬಿದ್ದು ಯಾವಾಗ? ಇವತ್ತಾ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಏ, ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಕಣೆ! ಅವ್ವನ್ನ ನೀನು ಹೆಂಗೆ ನೋಡ್ಕೊಂಡೆ ಅಂತ ನಾನು ಕಂಡಿಲ್ಲೇನು? ಅವ್ವ ಹೋದ ದಿನ ಬಚ್ಚಲಾಗೆ ನಿಂತು ಎದೆ ಎದೆ ಬಡ್ಕಂತಿದ್ದೆಲ್ಲ, ನೋಡಿದೀನಿ ನಾನು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಅಕ್ಕನ ಎದುರಿಗೆ ಹೆಂಗೆ ಹೇಳಾಕೆ ಆಗ್ತೈತೆ? ತೋರ್ಸಾಕೆ ನನ್ನ ಹತ್ರ ಏನಿತ್ತು?"

ಬಸ್ಸುಗಳ ಸದ್ದು, ಕಡಲೆಕಾಯಿ ಮಾರುವವರ ಕೂಗು, ಯಾವುದೂ ನನಗೆ ಕೇಳಲಿಲ್ಲ. ಅನುಮಾನ ಪಡುವ ಗಂಡನ ಜೊತೆ ಹೇಗೋ ಒಂದು ವರ್ಷ ಬಾಳಿದ್ದೆ. ಪಾಪ, ತಾಯಿ ಕಳೆದುಕೊಂಡ ದುಃಖ ಎಂದು ಅವರ ಪರವಾಗಿ ನಾನೇ ವಾದ ಮಾಡಿಕೊಂಡಿದ್ದೆ. ಅವರಿಗೆ ಅನುಮಾನವೇ ಇರಲಿಲ್ಲ. ನಿಜ ಗೊತ್ತಿದ್ದೂ ನನ್ನ ಕಣ್ಣಿಗೆ ಈರುಳ್ಳಿ ಹಚ್ಚಿಸಿದ್ದರು. ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ಕಾಗದವನ್ನು ಅವರ ಕೈಯಿಂದ ಕಿತ್ತುಕೊಂಡು ನನ್ನ ಚೀಲದಲ್ಲಿ ಹಾಕಿಕೊಂಡೆ.

"ಕೆರೆಬಿಳಚಿಗೆ ಹೋಗ್ರಿ. ಈ ಕಾಗದ ಇಲ್ದೆ ಹೋಗ್ರಿ. ಬಚ್ಚಲಾಗೆ ಏನು ನೋಡಿದ್ರೋ ಅದನ್ನ ನಿಮ್ಮ ಬಾಯಿಂದ ಹೇಳಿ ಬರ್ರಿ. ಅಲ್ಲೀತಂಕ ನನ್ನ ಹತ್ರ ಮಾತಾಡಬ್ಯಾಡ್ರಿ."

ಹನ್ನೊಂದು ದಿನ ಅವರು ಹೋಗಲಿಲ್ಲ, ನಾನು ಮಾತಾಡಲಿಲ್ಲ. ಊಟ ಬಡಿಸುತ್ತಿದ್ದೆ, ಶಾಲೆಗೆ ಹೋಗುತ್ತಿದ್ದೆ, ಹನಿ ಹಾಕಿಕೊಂಡು ಮಲಗುತ್ತಿದ್ದೆ. ಹನ್ನೆರಡನೆಯ ದಿನ ಅಂಗಡಿ ತೆಗೆಯದೆ ಬೆಳಗಿನ ಬಸ್ಸಿಗೆ ಹೊರಟರು. ಸಂಜೆ ಶಾಲೆಯಿಂದ ನಾನು ಬರುವಷ್ಟರಲ್ಲಿ ಬಂದು, ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತಿದ್ದರು.

"ಹೇಳ್ದೆ" ಎಂದರು.

"ಏನಂದ್ರು?"

"ನಂಬಲಿಲ್ಲ. ಹೆಂಡ್ತಿ ಹೇಳಿಕೊಟ್ಟಿದ್ದನ್ನ ಬಾಯಿಪಾಠ ಮಾಡ್ಕಂಡು ಬಂದಿದೀಯ ಅಂದ್ಲು. ಅವ್ವನ್ನ ಕೊಲ್ಲಾಕೆ ನೀನೂ ಜೊತೆಗಿದ್ದೆ ಅಂದ್ಲು. ಎಲ್ಲರ ಎದುರಿಗೇ ಅಂದ್ಲು. ಭಾವ ಅಲ್ಲೇ ಕೂತಿದ್ರು, ಒಂದು ಮಾತಾಡ್ಲಿಲ್ಲ. ಊಟಕ್ಕೂ ಏಳು ಅನ್ನಲಿಲ್ಲ."

ಅವರ ಕಣ್ಣು ತುಂಬಿ, ನೀರು ಕೆನ್ನೆಯ ಮೇಲೆ ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ, ನನ್ನ ಮುಖ ನೋಡಿದರು.

"ನಿಜ ಹೇಳಿದ್ರೂ ನಂಬಲ್ಲ ಅಂದ್ರೆ ಎದೆ ಹೆಂಗೆ ಉರೀತೈತೆ ಗೊತ್ತೇನೆ ನಿಂಗೆ?"

ನನ್ನನ್ನು ಕೇಳಿದರು. ನನ್ನನ್ನೇ ಕೇಳಿದರು.

"ಗೊತ್ತೈತೆ. ಕೈಕಾಲು ತೊಳ್ಕಂಡು ಬರ್ರಿ, ಊಟಕ್ಕೆ ಹಾಕ್ತೀನಿ" ಎಂದು ಒಳಗೆ ಹೋದೆ.